ಕೊಲ್ಲುವುದಕ್ಕೂ ಒಂದು ಹದ

2020ರ ಬೇಸಿಗೆಯಿಂದೀಚೆಗೆ ನಮ್ಮ ಅಂಗಡಿಗಳಲ್ಲಿ ಒಂದು ಘೋಷಣೆ ತಳವೂರಿದೆ. ಅಮೃತಬಳ್ಳಿ ರಸ, ಕಷಾಯದ ಪುಡಿ, ಅರಿಶಿನ ಬೆರೆಸಿದ ಹಾಲು ಹಾಗಿರಲಿ, ಬಿಸ್ಕತ್ತು, ಬ್ರೆಡ್ಡಿನ ಪೊಟ್ಟಣದ ಮೇಲೂ ‘ಇಮ್ಯುನಿಟಿ ಬೂಸ್ಟರ್’ ಎಂಬ ಮುದ್ರೆ ಬಿತ್ತು. ಕೊರೊನಾದ ಅಲೆಗಳು ಇಳಿದವು, ಮುದ್ರೆ ಅಳಿಯಲಿಲ್ಲ. ಇವುಗಳಲ್ಲಿ ಯಾವುದು ಕೆಲಸ ಮಾಡುತ್ತದೆ, ಯಾವುದು ಮಾಡುವುದಿಲ್ಲ ಎಂದು ಜಗಳವಾಡುವವರು ಬಹಳ ಮಂದಿ. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯನ್ನು ಕೇಳುವವರು ಕಡಿಮೆ: ಅವು ಹೇಳಿದಂತೆಯೇ ಕೆಲಸ ಮಾಡಿದವು ಎಂದೇ ಇಟ್ಟುಕೊಳ್ಳೋಣ, ಅದರಿಂದ ನಮಗೆ ಒಳ್ಳೆಯದಾಗುತ್ತದೆಯೇ?

ಈ ಘೋಷಣೆಯ ಬೆನ್ನಿಗೆ ಗಟ್ಟಿಯಾದ ನಂಬಿಕೆಯೊಂದಿದೆ. ರೋಗನಿರೋಧಕ ವ್ಯವಸ್ಥೆಯ ಬಲ ಹೆಚ್ಚಿದಷ್ಟೂ ಒಳ್ಳೆಯದು. ಕಾಯಿಲೆ ಬಿದ್ದವನಲ್ಲಿ ಅದು ಕಡಿಮೆಯಿತ್ತು, ಬೀಳದವನಲ್ಲಿ ಜಾಸ್ತಿಯಿತ್ತು ಎಂಬುದು ಆ ನಂಬಿಕೆ. ಇದು ತಪ್ಪು ಲೆಕ್ಕ ಎಂಬುದೇ ಈ ಲೇಖನದ ವಾದ. ಈ ವ್ಯವಸ್ಥೆ ಎಷ್ಟು ಜೋರಾಗಿ ಹೊಡೆಯುತ್ತದೆ ಎಂಬುದರಿಂದ ನಮ್ಮ ಆರೋಗ್ಯ ತೀರ್ಮಾನವಾಗುವುದಿಲ್ಲ. ಎಲ್ಲಿ ಹೊಡೆಯಬೇಕು, ಎಲ್ಲಿ ಕೈ ತಡೆಯಬೇಕು, ಯಾವಾಗ ನಿಲ್ಲಿಸಬೇಕು ಎಂಬುದರಿಂದ ತೀರ್ಮಾನವಾಗುತ್ತದೆ. ಇದಕ್ಕೆ ಸಾಕ್ಷಿಯಾಗಿ ನಾನು ಆರಿಸಿಕೊಂಡಿರುವುದು ಈ ವ್ಯವಸ್ಥೆಯ ಅತ್ಯಂತ ಉಗ್ರವಾದ ಆಯುಧವನ್ನೇ. ಗ್ರಾನ್‌ಜೈಮ್ ಎಂಬ ಕಿಣ್ವವದು. ಸೋಂಕು ತಗುಲಿದ ಜೀವಕೋಶವನ್ನು ಕೊಲ್ಲುವುದು ಅದರ ಕಸುಬು.

ಕೊಲ್ಲುವ ಅಗತ್ಯವಾದರೂ ಏನು? ವೈರಸ್ಸು ರಕ್ತದಲ್ಲೋ ಲೋಳೆಯಲ್ಲೋ ತೇಲುತ್ತಿರುವಷ್ಟು ಹೊತ್ತು ಆ್ಯಂಟಿಬಾಡಿಗಳು ಅದನ್ನು ಹಿಡಿದುಹಾಕಬಲ್ಲವು. ಒಮ್ಮೆ ಅದು ಜೀವಕೋಶದೊಳಕ್ಕೆ ನುಗ್ಗಿತೆಂದರೆ ಆ್ಯಂಟಿಬಾಡಿಯ ಕೈಗೆ ಸಿಗುವುದಿಲ್ಲ. ಒಳಗೆ ಕುಳಿತು ನಮ್ಮದೇ ಯಂತ್ರಗಳಲ್ಲಿ ತನ್ನ ಪ್ರತಿಗಳನ್ನು ಮಾಡಿಸಿಕೊಳ್ಳುತ್ತದೆ. ಆಗ ಉಳಿಯುವ ದಾರಿಗಳಲ್ಲಿ ಮುಖ್ಯವಾದದ್ದು, ಪ್ರತಿಗಳು ಹೊರಬೀಳುವ ಮೊದಲೇ ಆ ಕೋಶವನ್ನು ವೈರಸ್ಸಿನ ಸಮೇತ ಇಲ್ಲವಾಗಿಸುವುದು. ಮಲೆನಾಡಿನಲ್ಲಿ ಕಾಡುಗಿಚ್ಚಿನ ಕಾಲ ಶುರುವಾಗುವ ಮೊದಲು ಅರಣ್ಯ ಸಿಬ್ಬಂದಿ ತಾವೇ ನಿಂತು ಬೆಂಕಿರೇಖೆ ಸುಡುವಂತೆ, ದೇಹ ತನ್ನದೇ ಒಂದಷ್ಟನ್ನು ಸುಟ್ಟು ಉಳಿದದ್ದನ್ನು ಕಾಪಾಡಿಕೊಳ್ಳುತ್ತದೆ. ಸುಡುವವನು ಅಲ್ಲೇ ನಿಂತು ಆರಿಸಿ ಹೋಗಬೇಕು ಎಂಬ ಷರತ್ತು ಎರಡೂ ಕಡೆ ಇದೆ.

ಈ ಕೆಲಸಕ್ಕೆಂದೇ ಎರಡು ಬಗೆಯ ಬಿಳಿರಕ್ತಕಣಗಳಿವೆ: ಕೊಲ್ಲುವ ಟಿ ಕೋಶ ಮತ್ತು ‘ನ್ಯಾಚುರಲ್ ಕಿಲ್ಲರ್’ ಎಂದು ಕರೆಯುವ ಎನ್‌ಕೆ ಕೋಶ. ಟಿ ಕೋಶ ತನ್ನ ಗುರಿಯನ್ನು ಗುರುತಿಸುವ ಬಗೆಯನ್ನು ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಪೀಟರ್ ಡೊಹರ್ಟಿ ಮತ್ತು ರಾಲ್ಫ್ ಜಿಂಕರ್‌ನಾಗೆಲ್ 1973-74ರ ಸುಮಾರಿಗೆ ಇಲಿಗಳಲ್ಲಿ ಕಂಡುಕೊಂಡರು. 1996ರಲ್ಲಿ ಅವರಿಗೆ ನೊಬೆಲ್ ಬಂತು. ಟಿ ಕೋಶಕ್ಕೆ ವೈರಸ್ಸು ಬಿಡಿಯಾಗಿ ಕಾಣಿಸುವುದೇ ಇಲ್ಲ. ನಮ್ಮ ಬಹುಪಾಲು ಜೀವಕೋಶಗಳು ತಮ್ಮೊಳಗೆ ತಯಾರಾಗುವ ಪ್ರೋಟೀನುಗಳ ಚೂರುಗಳನ್ನು ಹೊರಮೈಯ ಮೇಲೆ, ಆ ದೇಹದ ಗುರುತಿನ ಅಣುವೊಂದರಲ್ಲಿ ಕೂರಿಸಿ ಸದಾ ಪ್ರದರ್ಶಿಸುತ್ತಿರುತ್ತವೆ. ಗುರುತಿನ ಅಣು ನಮ್ಮದು, ಅದರಲ್ಲಿರುವ ಚೂರು ಪರಕೀಯ ಎಂಬ ಎರಡೂ ಸಂಗತಿ ಒಟ್ಟಿಗೆ ಸಿಕ್ಕಾಗ ಮಾತ್ರ ಟಿ ಕೋಶ ಮುಂದುವರಿಯುತ್ತದೆ. ಎಂದರೆ ಕೊಲ್ಲುವ ಕೋಶದ ಗುರಿ ಸಾಮಾನ್ಯವಾಗಿ ಹೊರಗಿನವನಲ್ಲ, ಕೈತಪ್ಪಿಹೋದ ನಮ್ಮವನೇ. ಕೋಟೆ, ಸೈನಿಕ, ಶತ್ರು ಎಂದು ರೋಗನಿರೋಧಕತೆಯನ್ನು ವಿವರಿಸುವ ನಮ್ಮ ಪಠ್ಯಪುಸ್ತಕದ ರೂಢಿ ಈ ಮುಖ್ಯ ಸಂಗತಿಯನ್ನೇ ಮರೆಸಿಬಿಡುತ್ತದೆ.

ಈಗ ಆ ಕಿಣ್ವವನ್ನೇ ಹತ್ತಿರದಿಂದ ನೋಡೋಣ. ಮನುಷ್ಯರಲ್ಲಿ ಗ್ರಾನ್‌ಜೈಮ್‌ಗಳು ಐದು: ಎ, ಬಿ, ಎಚ್, ಕೆ ಮತ್ತು ಎಮ್. ಇವೆಲ್ಲ ಪ್ರೋಟೀನನ್ನು ಕತ್ತರಿಸುವ ಕಿಣ್ವಗಳು. ನಾವು ಉಂಡ ಬೇಳೆ, ಮೊಟ್ಟೆ, ಮೀನನ್ನು ಕರುಳಿನಲ್ಲಿ ಕತ್ತರಿಸುವ ಟ್ರಿಪ್ಸಿನ್ನಿನ ವಂಶದವು. ಟ್ರಿಪ್ಸಿನ್ ಸಿಕ್ಕ ಪ್ರೋಟೀನನ್ನೆಲ್ಲ ಹಲವು ಕಡೆ ಕತ್ತರಿಸುವ ಹೊಟ್ಟೆಬಾಕ. ಗ್ರಾನ್‌ಜೈಮ್ ಬಿ ಹಾಗಲ್ಲ, ಬಲು ನಾಜೂಕು. ಆಸ್ಪಾರ್ಟಿಕ್ ಆಮ್ಲ ಎಂಬ ಅಮೈನೊ ಆಮ್ಲ ಇರುವಲ್ಲಿ, ಅದೂ ಅಕ್ಕಪಕ್ಕದ ಜೋಡಣೆ ಹೊಂದಿಬಂದರೆ ಮಾತ್ರ ಕತ್ತರಿ ಹಾಕುತ್ತದೆ. ಅದು ಹುಡುಕುವ ಪ್ರೋಟೀನುಗಳಲ್ಲಿ ಕ್ಯಾಸ್ಪೇಸ್-3 ಪ್ರಮುಖ. ಪ್ರತಿ ಜೀವಕೋಶವೂ ತನ್ನನ್ನು ತಾನು ಕ್ರಮವಾಗಿ ಕಳಚಿಕೊಳ್ಳುವ ಏರ್ಪಾಡೊಂದನ್ನು ಒಳಗೇ ಇಟ್ಟುಕೊಂಡಿರುತ್ತದೆ. ಗ್ರಾನ್‌ಜೈಮ್ ಬಿ ಕ್ಯಾಸ್ಪೇಸ್-3ನ್ನು ಒಂದು ಜಾಗದಲ್ಲಿ ಕತ್ತರಿಸಿದೊಡನೆ ಆ ಏರ್ಪಾಡು ಚಾಲೂ ಆಗುತ್ತದೆ. ಮುಂದಿನದನ್ನೆಲ್ಲ ಆ ಕೋಶ ತಾನೇ ಮಾಡಿಕೊಳ್ಳುತ್ತದೆ.

ಇಂಥ ವಸ್ತುವನ್ನು ಹೊಟ್ಟೆಯಲ್ಲಿಟ್ಟುಕೊಂಡು ಊರೆಲ್ಲ ತಿರುಗುವ ಟಿ ಕೋಶ ತಾನು ಬದುಕುವುದು ಹೇಗೆ? ಮೊದಲನೆಯದಾಗಿ, ಗ್ರಾನ್‌ಜೈಮ್ ತಯಾರಾಗುವಾಗ ಅದರ ಮುಂತುದಿಯಲ್ಲಿ ಎರಡು ಅಮೈನೊ ಆಮ್ಲಗಳ ಬಾಲಂಗೋಚಿ ಹೆಚ್ಚಾಗಿ ಅಂಟಿರುತ್ತದೆ. ಅದಿರುವ ತನಕ ಕಿಣ್ವಕ್ಕೆ ಬಾಯಿಲ್ಲ. ಅದನ್ನು ಕಿತ್ತುಹಾಕಲು ಇನ್ನೊಂದು ಕಿಣ್ವ ಬೇಕು. ಎರಡನೆಯದಾಗಿ, ತಯಾರಾದ ಗ್ರಾನ್‌ಜೈಮನ್ನು ಪುಟ್ಟ ಪೊರೆಚೀಲಗಳಲ್ಲಿ ತುಂಬಿ, ಸೆರ್ಗ್ಲೈಸಿನ್ ಎಂಬ ಅಂಟಂಟು ಅಣುವಿಗೆ ಕಟ್ಟಿಹಾಕಿರುತ್ತದೆ. ಚೀಲದೊಳಗಿನ ರಸ ಆಮ್ಲೀಯ, ಅದರಲ್ಲಿ ಈ ಕತ್ತರಿ ಸರಿಯಾಗಿ ಆಡದು. ಮೂರನೆಯದಾಗಿ, ಅಕಸ್ಮಾತ್ ಚೀಲ ಸೋರಿ ಒಂದಿಷ್ಟು ಗ್ರಾನ್‌ಜೈಮ್ ಬಿ ತನ್ನೊಳಕ್ಕೇ ಇಳಿದರೆ ಅದನ್ನು ಹಿಡಿದು ಕೆಡಿಸಲು ಸರ್ಪಿನ್ ಬಿ9 ಎಂಬ ಪ್ರತಿಬಂಧಕ ಕಾದು ಕುಳಿತಿರುತ್ತದೆ. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ: ಗ್ರಾನ್‌ಜೈಮ್ ಒಂಟಿಯಾಗಿ ಯಾವ ಕೋಶವನ್ನೂ ಸುಲಭಕ್ಕೆ ಕೊಲ್ಲಲಾರದು. ಕೋಶದ ಪೊರೆಯಲ್ಲಿ ತೂತು ಕೊರೆದು ದಾರಿ ಮಾಡಿಕೊಡುವ ಪರ್ಫೊರಿನ್ ಎಂಬ ಪ್ರೋಟೀನು ಅದಕ್ಕೆ ಜೊತೆಗಿರಬೇಕು. ಆ ಪರ್ಫೊರಿನ್ನಿಗೂ ಆಮ್ಲೀಯವಲ್ಲದ ಪರಿಸರ ಬೇಕು, ಕ್ಯಾಲ್ಸಿಯಂ ಬೇಕು. ಎರಡೂ ಸಿಗುವುದು ಚೀಲದಿಂದ ಹೊರಬಿದ್ದ ಮೇಲೆ.

ಹೀಗೆ ಸಿದ್ಧವಾಗಿ ಬಂದ ಟಿ ಕೋಶ ಸೋಂಕಿತ ಕೋಶಕ್ಕೆ ಮೈ ತಾಗಿಸಿ ನಿಲ್ಲುತ್ತದೆ. ಎರಡರ ನಡುವೆ ಒಂದು ಬಿಗಿಯಾದ ಬೆಸುಗೆ ಏರ್ಪಡುತ್ತದೆ. ಟಿ ಕೋಶದೊಳಗಿನ ಎಳೆಗಳ ಚೌಕಟ್ಟೇ ತಿರುಗಿ ಆ ಬೆಸುಗೆಯ ಕಡೆಗೆ ಮುಖ ಮಾಡುತ್ತದೆ. ಎಳೆಗಳ ಹಾದಿ ಹಿಡಿದು ಚೀಲಗಳು ಬಂದು ಪೊರೆಗೆ ತಾಗಿ, ಒಳಗಿದ್ದುದನ್ನು ನಡುವಣ ಕಿರಿದಾದ ಸಂದಿಗೆ ಸುರಿಯುತ್ತವೆ. ಸುತ್ತಲ ನಿರಪರಾಧಿ ಕೋಶಗಳ ಮೇಲೆ ಚೆಲ್ಲುವುದು ತೀರ ಕಡಿಮೆ. ಸುರಿದದ್ದು ಟಿ ಕೋಶದ ಪೊರೆಗೂ ತಾಗುತ್ತದೆ, ಆದರೆ ಆ ಜಾಗದಲ್ಲಿ ಅದರ ಪೊರೆಯ ಕೊಬ್ಬಿನ ಅಣುಗಳು ಒತ್ತೊತ್ತಾಗಿ ಜೋಡಿಸಿಕೊಂಡಿರುವುದರಿಂದ ಪರ್ಫೊರಿನ್ ಕಚ್ಚಿಕೊಳ್ಳಲು ಆಗುವುದಿಲ್ಲ. ಎದುರಿನ ಕೋಶದ ಪೊರೆಯಲ್ಲಿ ಕ್ಷಣಗಳಲ್ಲಿ ತೂತುಗಳು ಬೀಳುತ್ತವೆ. ಆ ಕೋಶ ಕೂಡಲೇ ಅವನ್ನು ಮುಚ್ಚಿಕೊಳ್ಳಲು ತೊಡಗುತ್ತದೆ, ಒಂದೆರಡು ನಿಮಿಷದಲ್ಲಿ ಮುಚ್ಚಿಕೊಂಡೂ ಬಿಡುತ್ತದೆ. ಅಷ್ಟರಲ್ಲಿ ಗ್ರಾನ್‌ಜೈಮ್ ಒಳಸೇರಿರುತ್ತದೆ. ಸ್ವಲ್ಪ ಹೊತ್ತಿಗೆ ಕೋಶ ಮುದುಡಿ ಗುಳ್ಳೆಗುಳ್ಳೆಯಾಗುತ್ತದೆ, ಅದರ ಡಿಎನ್‌ಎ ತುಂಡಾಗುತ್ತದೆ, ಕಸ ನುಂಗುವ ಕೋಶಗಳಾದ ಹತ್ತಿರದ ಮ್ಯಾಕ್ರೊಫೇಜ್‌ಗಳು ಬಂದು ಅದನ್ನು ನುಂಗಿ ಜಾಗ ಚೊಕ್ಕಟ ಮಾಡುತ್ತವೆ. ಟಿ ಕೋಶ ಕಳಚಿಕೊಂಡು ಮುಂದಕ್ಕೆ ಹೋಗುತ್ತದೆ.

ಈ ಕೊಲೆಗಾರನ ವೇಗ ಎಷ್ಟಿರಬಹುದು? ಸೈಟೊಮೆಗಲೊವೈರಸ್ ತಗುಲಿದ ಜೀವಂತ ಇಲಿಗಳೊಳಗೆ ಸೂಕ್ಷ್ಮದರ್ಶಕ ಹಿಡಿದು ನೋಡಿದ ವಿಜ್ಞಾನಿಗಳು 2016ರಲ್ಲಿ ಲೆಕ್ಕ ಕೊಟ್ಟರು: ಒಂದು ಟಿ ಕೋಶ ದಿನವೊಂದಕ್ಕೆ ಕೊಲ್ಲುವುದು 2ರಿಂದ 16 ಸೋಂಕಿತ ಕೋಶಗಳನ್ನು ಮಾತ್ರ. ಹಲವು ಸಲ ಒಂದೇ ಗುರಿಯನ್ನು ಎರಡು ಮೂರು ಟಿ ಕೋಶಗಳು ಒಂದರ ಹಿಂದೊಂದು ತಾಗಿದ ಮೇಲಷ್ಟೇ ಅದು ಸತ್ತಿತ್ತು. ಬಲವೇ ಮುಖ್ಯವಾಗಿದ್ದರೆ ಕೋಟ್ಯಂತರ ವರ್ಷಗಳ ವಿಕಾಸ ಇಷ್ಟೊಂದು ನಿಧಾನವಾದ, ಇಷ್ಟೊಂದು ಅಂಕೆಗೆ ಒಳಪಟ್ಟ ಕೊಲೆಯನ್ನು ಉಳಿಸಿಕೊಳ್ಳುತ್ತಿರಲಿಲ್ಲ. ಗ್ರಾನ್‌ಜೈಮ್ ಒಂದರ ಸುತ್ತ ನಾಲ್ಕಾರು ತಡೆ ನಿಂತಿವೆ ಎಂದ ಮೇಲೆ, ಆ ತಡೆಗಳೂ ಆಯುಧದಷ್ಟೇ ಬೆಲೆಯುಳ್ಳವು ಎಂದೇ ಅರ್ಥ.

ಇಲ್ಲಿಯವರೆಗಿನದು ಸುಲಭದ ವಾದ. ತಡೆಗಳು ಮುಖ್ಯವಿರಬಹುದು, ಆದರೂ ಒಂದಿಷ್ಟು ಹೆಚ್ಚು ಕೊಲ್ಲುವ ಶಕ್ತಿಯಿದ್ದರೆ ಲಾಭವೇ ತಾನೆ, ಕಡಿಮೆಯಿದ್ದರೆ ಆಗುವುದು ಸೋಂಕು ಮಾತ್ರವಲ್ಲವೇ ಎಂದು ಯಾರಾದರೂ ಕೇಳಬಹುದು. ಕೊಲ್ಲಲಾರದ ದೇಹ ದುರ್ಬಲ ದೇಹ ಎಂದೇ ನಾವು ಊಹಿಸುತ್ತೇವೆ. ಪ್ರಕೃತಿ ಈ ಪ್ರಯೋಗವನ್ನೂ ಮಾಡಿ ತೋರಿಸಿದೆ. ಅದರ ಫಲಿತಾಂಶ ನಮ್ಮ ಊಹೆಗೆ ತೀರ ವಿರುದ್ಧ.

1952ರಲ್ಲಿ ಬ್ರಿಟನ್ನಿನ ಫಾರ್ಕರ್ ಮತ್ತು ಕ್ಲೇರೊ ಎಂಬ ವೈದ್ಯರು ಒಂದೇ ಮನೆಯ ಎಳೆಮಕ್ಕಳಲ್ಲಿ ಕಂಡ ವಿಚಿತ್ರ ಕಾಯಿಲೆಯೊಂದನ್ನು ವರದಿ ಮಾಡಿದರು. ಬಿಡದ ಜ್ವರ, ಊದಿದ ಗುಲ್ಮ ಮತ್ತು ಯಕೃತ್ತು, ಕುಸಿಯುತ್ತಿರುವ ರಕ್ತಕಣಗಳು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮ್ಯಾಕ್ರೊಫೇಜ್‌ಗಳು ಆ ಮಕ್ಕಳದೇ ರಕ್ತಕಣಗಳನ್ನು ನುಂಗುತ್ತಿದ್ದವು. ಇಂದು ವೈದ್ಯರು ಇದನ್ನು ಚುಟುಕಾಗಿ ಎಚ್‌ಎಲ್‌ಎಚ್ ಎನ್ನುತ್ತಾರೆ. ಸ್ವೀಡನ್ನಿನ ಲೆಕ್ಕದಂತೆ ವಂಶವಾಹಿಯಿಂದ ಬರುವ ಈ ಕಾಯಿಲೆ ಸುಮಾರು 50,000 ಜನನಕ್ಕೆ ಒಂದರಂತೆ ಕಾಣಿಸಿಕೊಳ್ಳುತ್ತದೆ; ಚಿಕಿತ್ಸೆ ಸಿಗದಿದ್ದರೆ ಸಾಮಾನ್ಯವಾಗಿ ಮಗು ಉಳಿಯುವುದಿಲ್ಲ. ಮಗುವಿನ ದೇಹದಲ್ಲಿ ರೋಗನಿರೋಧಕ ವ್ಯವಸ್ಥೆ ಹುಚ್ಚೆದ್ದು ಕುಣಿಯುತ್ತಿರುವುದು ಕಣ್ಣಿಗೆ ರಾಚುವಂತಿತ್ತು. ಹಾಗಾದರೆ ಅದರಲ್ಲಿ ಏನೋ ಅತಿಯಾಗಿರಬೇಕು. 1999ರಲ್ಲಿ ಮೂಲ ಸಿಕ್ಕಾಗ ತಿಳಿದದ್ದು ಬೇರೆಯೇ: ಹಲವು ಮಕ್ಕಳಲ್ಲಿ ಪರ್ಫೊರಿನ್ ತಯಾರಿಸುವ ವಂಶವಾಹಿಯೇ ಕೆಟ್ಟಿತ್ತು. ಆಮೇಲೆ ಸಿಕ್ಕ ಇತರ ವಂಶವಾಹಿಗಳಲ್ಲಿ ಪ್ರಮುಖವಾದವೂ ಗ್ರಾನ್‌ಜೈಮಿನ ಚೀಲಗಳನ್ನು ಸಾಗಿಸಿ, ಪೊರೆಗೆ ತಾಗಿಸಿ, ಬಿಚ್ಚುವ ಕೆಲಸದವು. ಗ್ರಾನ್‌ಜೈಮ್ ಇತ್ತು, ಗುರಿ ಮುಟ್ಟುತ್ತಿರಲಿಲ್ಲ. ಕೊಲ್ಲಲಾರದ್ದಕ್ಕೇ ಆ ದೇಹ ಕೆರಳಿ ನಿಂತಿತ್ತು.

ಇದು ಹೇಗೆ ಎಂಬುದಕ್ಕೆ 2015ರಲ್ಲಿ ಮೆಲ್ಬರ್ನ್‌ನ ಸಂಶೋಧಕರು ಸೊಗಸಾದ ಉತ್ತರ ಕೊಟ್ಟರು. ಟಿ ಕೋಶ ಗುರಿಯಿಂದ ಕಳಚಿಕೊಳ್ಳುವುದು ಗುರಿ ಸಾಯತೊಡಗಿದಾಗ. ಸಾಯುವ ಕೋಶದೊಳಗೆ ಕ್ಯಾಸ್ಪೇಸ್‌ಗಳು ಎಚ್ಚೆತ್ತವು ಎಂಬುದೇ ಬಿಡುಗಡೆಯ ಸೂಚನೆ. ಪರ್ಫೊರಿನ್ ಇಲ್ಲದ ಅಥವಾ ಗ್ರಾನ್‌ಜೈಮ್ ಕೆಲಸಮಾಡದ ಟಿ ಕೋಶ ಗುರಿಯನ್ನು ತಬ್ಬಿಕೊಂಡು ಮಾಮೂಲಿಗಿಂತ ಸುಮಾರು ಐದುಪಟ್ಟು ಹೊತ್ತು ಅಲ್ಲೇ ಅಂಟಿಕೊಂಡಿರುತ್ತದೆ. ಅಂಟಿಕೊಂಡಷ್ಟು ಹೊತ್ತೂ ಇಂಟರ್‌ಫೆರಾನ್ ಗಾಮಾದಂಥ ಸೈಟೊಕೈನ್‌ಗಳನ್ನು ಸುರಿಯುತ್ತಲೇ ಇರುತ್ತದೆ. ಸೈಟೊಕೈನ್ ಎಂದರೆ ಇತರ ಕೋಶಗಳಿಗೆ ಕಳಿಸುವ ಕೂಗು. ಆ ಕೂಗು ಕೇಳಿ ಮ್ಯಾಕ್ರೊಫೇಜ್‌ಗಳು ಕೆರಳುತ್ತವೆ, ಅವು ಕೆರಳಿ ಇನ್ನಷ್ಟು ಕೂಗುತ್ತವೆ. ಆರೋಗ್ಯವಂತ ದೇಹದಲ್ಲಿ ಗ್ರಾನ್‌ಜೈಮ್ ಕೆಲಸ ಮುಗಿಸಿದೊಡನೆ ಈ ಮಾತುಕತೆಯೂ ಮುಗಿಯುತ್ತದೆ. ಹಾಗಾದರೆ ಈ ಕೊಲೆಗೆ ಎರಡು ಕೆಲಸ: ಸೋಂಕಿತ ಕೋಶವನ್ನು ಮುಗಿಸುವುದು ಒಂದು, ರೋಗನಿರೋಧಕ ವ್ಯವಸ್ಥೆಯ ಆರ್ಭಟವನ್ನು ಮುಗಿಸುವುದು ಇನ್ನೊಂದು. ಎರಡನೆಯದು ಕೈಕೊಟ್ಟರೆ ಮೊದಲನೆಯದಕ್ಕಿಂತ ಬೇಗ ಪ್ರಾಣ ಹೋಗಬಹುದು.

ಇದಕ್ಕೆ ಇಲಿಗಳ ಸಾಕ್ಷ್ಯವೂ ಇದೆ. ಪರ್ಫೊರಿನ್ ಇಲ್ಲದ ಇಲಿಗಳಿಗೆ ಎಲ್‌ಸಿಎಮ್‌ವಿ ಎಂಬ ವೈರಸ್ ತಗುಲಿಸಿದರೆ ಅವು ಇದೇ ರೋಗಕ್ಕೆ ತುತ್ತಾಗಿ ಸಾಯುತ್ತವೆ. 2004ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸಂಶೋಧಕರು ವೈರಸ್ಸಿನ ತಂಟೆಗೇ ಹೋಗದೆ, ಇಲಿಗಳ ಕೊಲ್ಲುವ ಟಿ ಕೋಶಗಳನ್ನು ತೆಗೆದುಹಾಕಿದರು. ಇನ್ನು ಕೆಲವಕ್ಕೆ ಇಂಟರ್‌ಫೆರಾನ್ ಗಾಮಾವನ್ನು ತಡೆದರು. ಇಲಿಗಳು ಬದುಕಿದವು. ಅದೇ ತರ್ಕದ ಮೇಲೆ ತಯಾರಾದ ಎಮಪಾಲುಮ್ಯಾಬ್ ಎಂಬ ಔಷಧಕ್ಕೆ 2018ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಈ ಮಕ್ಕಳಿಗೆ ವಾರ್ಡಿನಲ್ಲಿ ಮೊದಲು ಕೊಡುವ ಮದ್ದುಗಳನ್ನು ನೋಡಿ: ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಮತ್ತು ಎಟೊಪೊಸೈಡ್ ಎಂಬ ಕ್ಯಾನ್ಸರ್ ಔಷಧ. ಎರಡೂ ಕೆರಳಿದ ಕೋಶಗಳನ್ನು ಅಡಗಿಸುವಂಥವು. ಆಮೇಲೆ ಅಸ್ಥಿಮಜ್ಜೆಯ ಕಸಿ ಮಾಡಿ, ಸರಿಯಾಗಿ ಕೊಲ್ಲಬಲ್ಲ ಕೋಶಗಳನ್ನು ಕೊಡುತ್ತಾರೆ. ಸೋಂಕಿನೊಂದಿಗೆ ಬಂದ ಮಗುವಿನ ರೋಗನಿರೋಧಕತೆಯನ್ನು ತಗ್ಗಿಸಿ ಬದುಕಿಸುವ ಈ ಚಿಕಿತ್ಸೆಯನ್ನು ‘ಬಲ ಹೆಚ್ಚಿದಷ್ಟೂ ಒಳ್ಳೆಯದು’ ಎಂಬ ಲೆಕ್ಕದಲ್ಲಿ ವಿವರಿಸಲು ಸಾಧ್ಯವೇ ಇಲ್ಲ.

ಈ ಕಾಯಿಲೆ ಎಲ್ಲೋ ದೂರದ ಅಪರೂಪ ಎಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ವಂಶವಾಹಿಯ ಎಚ್‌ಎಲ್‌ಎಚ್ ಬರಬೇಕಾದರೆ ಸಾಮಾನ್ಯವಾಗಿ ಮಗುವಿಗೆ ಕೆಟ್ಟ ಪ್ರತಿ ತಾಯಿ-ತಂದೆ ಇಬ್ಬರಿಂದಲೂ ಬಂದಿರಬೇಕು. ಸೋದರಮಾವ, ಅತ್ತೆಯ ಮಗ ಎಂದು ರಕ್ತಸಂಬಂಧದಲ್ಲೇ ಮದುವೆಯಾಗುವ ಕಡೆ ಆ ಸಂಭವ ಹೆಚ್ಚು. ಕರ್ನಾಟಕದಲ್ಲಿ ನಾಲ್ಕರಲ್ಲಿ ಸುಮಾರು ಒಂದು ಮದುವೆ ಇಂಥದ್ದು. ಜೊತೆಗೆ, ವಂಶವಾಹಿ ಸರಿಯಿದ್ದವರಲ್ಲೂ ಸೋಂಕಿನ ನೆಪದಲ್ಲಿ ಇದೇ ಚಿತ್ರ ಮೂಡಬಹುದು. ಭಾರತದ ಆಸ್ಪತ್ರೆಗಳಲ್ಲಿ ಡೆಂಗಿ, ಸ್ಕ್ರಬ್ ಟೈಫಸ್, ಕಾಲಾ ಅಜಾರ್‌ಗಳ ಹಿಂದೆ ಇದು ಬಂದ ಉದಾಹರಣೆಗಳಿವೆ. ಡೆಂಗಿಯ ಕಾಲ ಕಳೆದರೂ ಜ್ವರ ಇಳಿಯದಿದ್ದಾಗ, ಗುಲ್ಮ ಊದಿ ರಕ್ತಕಣಗಳು ಕುಸಿಯುತ್ತಲೇ ಇದ್ದಾಗ, ವೈದ್ಯರು ಫೆರಿಟಿನ್ ಎಂಬ ರಕ್ತಪರೀಕ್ಷೆಗೆ ಬರೆಯುವುದು ಈ ಗುಮಾನಿಯಿಂದಲೇ. ಅಂಥ ರೋಗಿಗೆ ಮನೆಮಂದಿ ಪ್ರೀತಿಯಿಂದ ಹುಡುಕಿ ತರುವ ಬಲವರ್ಧಕ ತನ್ನ ಹೆಸರಿಗೆ ತಕ್ಕಂತೆ ಕೆಲಸ ಮಾಡದಿರಲಿ ಎಂದೇ ಹಾರೈಸಬೇಕಾಗುತ್ತದೆ.

ಯಾವಾಗ ನಿಲ್ಲಿಸಬೇಕು ಎಂಬುದು ಹೀಗಾಯಿತು. ಎಲ್ಲಿ ಕೈ ತಡೆಯಬೇಕು ಎಂಬುದಕ್ಕೆ ಹೆಪಟೈಟಿಸ್ ಬಿ ಒಳ್ಳೆಯ ಪಾಠ. ಈ ವೈರಸ್ಸು ತಾನು ಹೊಕ್ಕ ಯಕೃತ್ತಿನ ಕೋಶವನ್ನು ಸಾಮಾನ್ಯವಾಗಿ ತಾನೇ ಕೊಲ್ಲುವುದಿಲ್ಲ. ಕಾಮಾಲೆಗೆ ಬಹುಮಟ್ಟಿಗೆ ನಮ್ಮ ಟಿ ಕೋಶಗಳೇ ಕಾರಣ. ದೊಡ್ಡವರಿಗೆ ತಗುಲಿದರೆ ಹೆಚ್ಚಿನವರಲ್ಲಿ, ಕಾಮಾಲೆ ಬಂದೋ ಬಾರದೆಯೋ, ಕೊನೆಗೆ ವೈರಸ್ಸು ಹೋಗುತ್ತದೆ. ಹೆರಿಗೆಯ ಹೊತ್ತಿಗೆ ತಾಯಿಯಿಂದ ಮಗುವಿಗೆ ತಗುಲಿದರೆ, ಹತ್ತರಲ್ಲಿ ಒಂಬತ್ತು ಮಕ್ಕಳಲ್ಲಿ ಅದು ಬಾಳಿನುದ್ದಕ್ಕೂ ಉಳಿದುಬಿಡಬಹುದು. ಅಂಥವರಲ್ಲಿ ಟಿ ಕೋಶಗಳು ಸೋಂಕನ್ನು ಮುಗಿಸುವುದೂ ಇಲ್ಲ, ಸುಮ್ಮನಿರುವುದೂ ಇಲ್ಲ. ವರ್ಷಗಟ್ಟಲೆ ಅಷ್ಟಿಷ್ಟು ಕೊಲ್ಲುತ್ತ, ಯಕೃತ್ತು ಅಷ್ಟಿಷ್ಟು ಬೆಳೆಸಿಕೊಳ್ಳುತ್ತ, ಕೊನೆಗೆ ಗಂಟುಗಟ್ಟಿದ ಸಿರೋಸಿಸ್ಸಿಗೋ ಕ್ಯಾನ್ಸರಿಗೋ ಹಾದಿಯಾಗಬಹುದು. ಇಲ್ಲಿ ಒಪ್ಪಿಕೊಳ್ಳಬೇಕಾದ ಮಾತೊಂದಿದೆ: ಈ ರೋಗದಲ್ಲಿ ಆರಂಭದ ಜೋರು ನಿಜಕ್ಕೂ ಉಪಕಾರಿ. ಆದರೆ ಆ ಜೋರಿನ ಫಲವೆಲ್ಲ ಕೊಲೆಯಿಂದ ಬಂದದ್ದಲ್ಲ. ಚಿಂಪಾಂಜಿಗಳಲ್ಲಿ ನಡೆದ, 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವೈರಸ್ಸಿನ ಡಿಎನ್‌ಎಯ ಹೆಚ್ಚಿನ ಪಾಲು ಟಿ ಕೋಶಗಳ ದಾಳಿ ಶಿಖರ ಮುಟ್ಟುವ ಮೊದಲೇ, ಕೋಶಗಳು ಬದುಕಿರುವಾಗಲೇ ಮಾಯವಾಗಿತ್ತು. ಯಕೃತ್ತಿನ ಬಹುತೇಕ ಎಲ್ಲ ಕೋಶಗಳಿಗೂ ಸೋಂಕು ತಗುಲಿರುವಾಗ ಎಲ್ಲವನ್ನೂ ಕೊಂದರೆ ಯಕೃತ್ತೇ ಉಳಿಯದು. ಆದ್ದರಿಂದ ಸೈಟೊಕೈನ್‌ಗಳ ಮೂಲಕ ಒಳಗಿರುವ ವೈರಸ್ಸನ್ನು ಅಡಗಿಸುವ ಇನ್ನೊಂದು ಹಾದಿಯನ್ನೂ ದೇಹ ಇಟ್ಟುಕೊಂಡಿದೆ.

ನರಕೋಶಗಳ ವಿಷಯದಲ್ಲಿ ಈ ಸಂಯಮ ಇನ್ನೂ ಬೆರಗಿನದು. ತುಟಿಯಂಚಿನಲ್ಲಿ ನೀರುಗುಳ್ಳೆ ಎಬ್ಬಿಸುವ ಹರ್ಪಿಸ್ ವೈರಸ್ಸು ಮುಖದ ನರದ ಗಂಟಿನಲ್ಲಿ ಬಾಳೆಲ್ಲ ಅಡಗಿರುತ್ತದೆ. ಸತ್ತ ನರಕೋಶವನ್ನು ದೇಹ ಮತ್ತೆ ಬೆಳೆಸಿಕೊಳ್ಳಲಾರದು, ಹಾಗಾಗಿ ಕೊಲ್ಲುವಂತಿಲ್ಲ. ಕೊಲ್ಲುವ ಟಿ ಕೋಶಗಳು ಆ ಗಂಟಿನಲ್ಲಿ ನರಕೋಶಗಳಿಗೆ ತಾಗಿಕೊಂಡೇ ಕಾವಲಿರುತ್ತವೆ. 2008ರಲ್ಲಿ ಪಿಟ್ಸ್‌ಬರ್ಗ್‌ನ ಸಂಶೋಧಕರು ಇಲಿಗಳಲ್ಲಿ ತೋರಿಸಿದಂತೆ, ಅವು ಗ್ರಾನ್‌ಜೈಮ್ ಬಿಯನ್ನು ನರಕೋಶದೊಳಕ್ಕೆ ಬಿಡುತ್ತವೆ ಕೂಡ. ಅಲ್ಲಿ ಆ ಕಿಣ್ವ ವೈರಸ್ಸು ಮತ್ತೆ ತಲೆಯೆತ್ತಲು ಬೇಕಾದ ಐಸಿಪಿ4 ಎಂಬ ಪ್ರೋಟೀನನ್ನು ಕತ್ತರಿಸುತ್ತದೆ, ನರಕೋಶ ಸಾಯುವುದಿಲ್ಲ. ಕೊಲ್ಲುವುದಕ್ಕೆಂದೇ ಹೆಸರಾದ ಕಿಣ್ವ, ಕೊಲ್ಲದೆಯೇ ಸೋಂಕನ್ನು ಹತ್ತಿಕ್ಕುತ್ತಿದೆ. ಈ ಕೌಶಲವನ್ನು ಯಾವ ಅಳತೆಗೋಲಿನಲ್ಲಿ ಹೆಚ್ಚು-ಕಡಿಮೆ ಎಂದು ಅಳೆಯುತ್ತೀರಿ?

ರೋಗನಿರೋಧಕತೆಯನ್ನು ನಿಜಕ್ಕೂ ಹೆಚ್ಚಿಸಿ ನೋಡಿದ ಪ್ರಯೋಗ ಮನುಷ್ಯರ ಮೇಲೆ ನಡೆದೇ ಇಲ್ಲವೆಂದಲ್ಲ. 2006ರ ಮಾರ್ಚ್ 13ರಂದು ಲಂಡನ್ನಿನ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯ ಆವರಣದಲ್ಲಿ ಆರು ಮಂದಿ ಆರೋಗ್ಯವಂತ ಯುವಕರಿಗೆ ಟಿಜಿಎನ್1412 ಎಂಬ ಔಷಧದ ಪರೀಕ್ಷೆಗಾಗಿ ಚುಚ್ಚುಮದ್ದು ಕೊಟ್ಟರು. ಟಿ ಕೋಶಗಳನ್ನು ನೇರವಾಗಿ ಎಚ್ಚರಿಸಬಲ್ಲ ಆ್ಯಂಟಿಬಾಡಿ ಅದು. ಪ್ರಾಣಿಗಳಲ್ಲಿ ಸುರಕ್ಷಿತವೆನಿಸಿದ ಪ್ರಮಾಣದ ಐನೂರನೆಯ ಒಂದು ಭಾಗವಷ್ಟೇ ಕೊಟ್ಟದ್ದು. ಒಂದೂವರೆ ಗಂಟೆಯೊಳಗೆ ತಲೆನೋವು, ನಡುಕ, ಜ್ವರ ಶುರುವಾಯಿತು. ಆರೂ ಮಂದಿ ತೀವ್ರನಿಗಾ ಘಟಕ ಸೇರಿದರು, ಅಂಗಾಂಗಗಳು ಸೋತವು. ಆರೂ ಜನ ಬದುಕಿದರು, ಒಬ್ಬರು ಬೆರಳುಗಳ ಭಾಗಗಳನ್ನು ಕಳೆದುಕೊಂಡರು. ಅವರ ದೇಹದಲ್ಲಿ ಯಾವ ರೋಗಾಣುವೂ ಇರಲಿಲ್ಲ.

ಕೊರೊನಾ ಕಾಲದಲ್ಲೂ ಹೆಚ್ಚು ಪ್ರಾಣ ಉಳಿಸಿದ ಔಷಧಗಳಲ್ಲಿ ಒಂದು, ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವಂಥದ್ದೇ. 2020ರ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗ ಪ್ರಕಟಿಸಿದಂತೆ, ಅಗ್ಗದ ಡೆಕ್ಸಾಮೆಥಸೋನ್ ವೆಂಟಿಲೇಟರ್‌ನಲ್ಲಿದ್ದವರ ಸಾವನ್ನು ಮೂರನೇ ಒಂದರಷ್ಟು, ಆಮ್ಲಜನಕದಲ್ಲಿದ್ದವರ ಸಾವನ್ನು ಐದನೇ ಒಂದರಷ್ಟು ಇಳಿಸಿತು. ಆಮ್ಲಜನಕವೇ ಬೇಕಾಗದವರಿಗೆ ಅದರಿಂದ ಪ್ರಯೋಜನ ಕಾಣಲಿಲ್ಲ. ಈ ಕೊನೆಯ ವಾಕ್ಯವನ್ನು ನಾವು ಲಕ್ಷಿಸಲಿಲ್ಲ. 2021ರ ಎರಡನೇ ಅಲೆಯಲ್ಲಿ ಸ್ಟೀರಾಯ್ಡನ್ನು ಬೇಕಾಬಿಟ್ಟಿ ಬಳಸಿದ್ದು, ಸಕ್ಕರೆ ಕಾಯಿಲೆಯ ಜೊತೆ ಸೇರಿ, ಕಪ್ಪು ಶಿಲೀಂಧ್ರ ರೋಗಕ್ಕೆ ದಾರಿಮಾಡಿತು. ಕರ್ನಾಟಕದಲ್ಲೂ ಬಹಳ ಮಂದಿ ಕಣ್ಣು, ದವಡೆ, ಪ್ರಾಣ ಕಳೆದುಕೊಂಡರು. ಆದ್ದರಿಂದ ‘ಹೆಚ್ಚಿಸು’ ಎಂಬ ಘೋಷಣೆಯ ಜಾಗದಲ್ಲಿ ‘ತಗ್ಗಿಸು’ ಎಂಬ ಘೋಷಣೆಯನ್ನು ಕೂರಿಸುವುದು ನನ್ನ ಉದ್ದೇಶವಲ್ಲ. ಘೋಷಣೆಯಲ್ಲಿ ಹಿಡಿಯುವಂಥ ವಿಷಯವೇ ಇದಲ್ಲ.

ಇದಕ್ಕೆ ಬರಬಹುದಾದ ಎರಡು ಆಕ್ಷೇಪಗಳು ತೂಕದವು. ಒಂದು, ಕ್ಯಾನ್ಸರಿನದು. ಟಿ ಕೋಶಗಳ ತಡೆಯನ್ನು ಬಿಡಿಸಿ ಗಡ್ಡೆಯ ಮೇಲೆ ಹರಿಯಬಿಡುವ ಚಿಕಿತ್ಸೆಗೆ 2018ರಲ್ಲಿ ಜೇಮ್ಸ್ ಆಲಿಸನ್ ಮತ್ತು ತಾಸುಕು ಹೊಂಜೊ ನೊಬೆಲ್ ಪಡೆದರು. ರೋಗಿಯದೇ ಟಿ ಕೋಶಗಳನ್ನು ಹೊರತೆಗೆದು, ಕ್ಯಾನ್ಸರ್ ಗುರುತಿಸುವಂತೆ ತಿದ್ದಿ ಮರಳಿ ಸೇರಿಸುವ ಕಾರ್-ಟಿ ಚಿಕಿತ್ಸೆ ಭಾರತದಲ್ಲೂ ಬಂದಿದೆ: ಮುಂಬೈಯಲ್ಲಿ ಬೆಳೆದ ನೆಕ್ಸ್‌ಕಾರ್19ಕ್ಕೆ 2023ರ ಅಕ್ಟೋಬರಿನಲ್ಲಿ ಅನುಮತಿ ಸಿಕ್ಕಿತು, ಬೆಂಗಳೂರಿನ ಇಮ್ಯುನೀಲ್ 2025ರ ಜನವರಿಯಲ್ಲಿ ಕಾರ್ಟೆಮಿಯನ್ನು ಹೊರತಂದಿತು. ಆ ತಿದ್ದಿದ ಕೋಶಗಳೂ ಕ್ಯಾನ್ಸರ್ ಕೋಶಗಳನ್ನು ಮುಖ್ಯವಾಗಿ ಪರ್ಫೊರಿನ್-ಗ್ರಾನ್‌ಜೈಮ್‌ಗಳಿಂದಲೇ ಕೊಲ್ಲುತ್ತವೆ. ಇದು ಬಲ ಹೆಚ್ಚಿಸಿದಂತೆ ಅಲ್ಲವೇ? ಹೌದು. ಆದರೆ ಒಂದೇ ಗುರಿಯ ಮೇಲೆ, ಆಸ್ಪತ್ರೆಯಲ್ಲಿ, ಕಣ್ಗಾವಲಿನಲ್ಲಿ. ಮೊದಲ ಚಿಕಿತ್ಸೆಯಲ್ಲಿ ಕರುಳು, ಥೈರಾಯ್ಡ್, ಕೆಲವೊಮ್ಮೆ ಹೃದಯದ ಮೇಲೂ ಟಿ ಕೋಶಗಳು ತಿರುಗಿಬೀಳುತ್ತವೆ. ಎರಡನೆಯದರಲ್ಲಿ ಸೈಟೊಕೈನ್‌ಗಳ ಮಳೆಯಾಗುತ್ತದೆ. ಅದಕ್ಕೇ ಕಾರ್-ಟಿ ಕೊಡುವ ವೈದ್ಯರು ಉರಿಯೂತ ಇಳಿಸುವ ಟೊಸಿಲಿಜುಮ್ಯಾಬನ್ನು ಮೊದಲೇ ಸಿದ್ಧವಾಗಿಟ್ಟುಕೊಂಡಿರುತ್ತಾರೆ. ತಡೆ ಬಿಡಿಸುವವರೇ ತಡೆಯ ಬೆಲೆಯನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು. 2025ರ ನೊಬೆಲ್ ಕೂಡ ಮೇರಿ ಬ್ರಂಕೊ, ಫ್ರೆಡ್ ರಾಮ್ಸ್‌ಡೆಲ್, ಶಿಮೋನ್ ಸಕಗುಚಿ ಅವರಿಗೆ ಸಂದದ್ದು, ಇತರ ಟಿ ಕೋಶಗಳನ್ನು ಅಂಕೆಯಲ್ಲಿಡುವ ನಿಯಂತ್ರಕ ಟಿ ಕೋಶಗಳ ಕುರಿತ ಕೆಲಸಕ್ಕೆ.

ಎರಡನೆಯ ಆಕ್ಷೇಪ, ನಿಜವಾಗಿ ದುರ್ಬಲರಾದವರ ಪರವಾದದ್ದು. ಹೊಟ್ಟೆಗಿಲ್ಲದ ಮಗು, ಹತೋಟಿ ತಪ್ಪಿದ ಸಕ್ಕರೆ ಕಾಯಿಲೆಯವರು, ಎಚ್‌ಐವಿಯೊಂದಿಗೆ ಬದುಕುವವರು, ಮೂತ್ರಪಿಂಡದ ಕಸಿಯಾದವರು. ಇವರ ಪಾಲಿಗೆ ಕೊರತೆ ಖಂಡಿತ ಇದೆ, ಅದನ್ನು ತುಂಬಲೇಬೇಕು. ಮಗುವಿಗೆ ಬೇಕಾದದ್ದು ಊಟ, ಸಕ್ಕರೆ ಕಾಯಿಲೆಯವರಿಗೆ ಸಕ್ಕರೆಯ ಹತೋಟಿ, ಎಚ್‌ಐವಿಗೆ ತಪ್ಪದೆ ನುಂಗುವ ಎಆರ್‌ಟಿ ಮಾತ್ರೆ. ಕಸಿಯಾದವರಿಗಂತೂ ಆ ಕೊರತೆಯನ್ನು ವೈದ್ಯರೇ ಬೇಕೆಂದು ಉಂಟುಮಾಡಿರುತ್ತಾರೆ. ಅವರಲ್ಲಿ ಟಿ ಕೋಶಗಳು ಚುರುಕಾದರೆ ಹೊಸ ಮೂತ್ರಪಿಂಡವೇ ಹೋಗುತ್ತದೆ. ಪ್ರತಿಯೊಂದು ಕೊರತೆಗೂ ತನ್ನದೇ ಕಾರಣ, ತನ್ನದೇ ಪರಿಹಾರ. ಅಂಗಡಿಯ ಒಂದೇ ಡಬ್ಬಿ ಇವರೆಲ್ಲರಿಗೂ ಆಗಿಬರುತ್ತದೆ ಎಂದರೆ ಅದು ಯಾರ ಕೊರತೆಯನ್ನೂ ನೋಡಿ ತಯಾರಾದದ್ದಲ್ಲ ಎಂದೇ ತಿಳಿಯಬೇಕು.

ಆರೋಗ್ಯವಂತರಿಗೆ ಹಾಗಾದರೆ ಏನೂ ಇಲ್ಲವೇ? ಇದೆ, ಲಸಿಕೆ. ಅದು ಒಟ್ಟಾರೆ ಬಲವನ್ನು ಏರಿಸುವುದಿಲ್ಲ. ಇಂಥ ರೋಗಾಣುವಿನ ಇಂಥ ಚೂರು ಕಂಡರೆ ಎಚ್ಚರಾಗಬೇಕು ಎಂದು ಕೆಲವೇ ಕೋಶಗಳಿಗೆ ಕಲಿಸುತ್ತದೆ. ಕಲಿತ ಕೋಶಗಳು ಸೋಂಕು ನೂರಾರು ಕೋಶಗಳಲ್ಲಿರುವಾಗಲೇ ಬಂದು ಮುಗಿಸುತ್ತವೆ; ಲಕ್ಷಾಂತರ ಕೋಶಗಳಿಗೆ ಹಬ್ಬಿದ ಮೇಲೆ ಕೊಲ್ಲಬೇಕಾದ ಪ್ರಸಂಗವನ್ನೇ ತಪ್ಪಿಸುತ್ತವೆ. ಹುಟ್ಟಿದ 24 ಗಂಟೆಯೊಳಗೆ ಮಗುವಿಗೆ ಕೊಡುವ ಹೆಪಟೈಟಿಸ್ ಬಿ ಲಸಿಕೆ ಆ ಮಗುವಿನ ಯಕೃತ್ತನ್ನು ದಶಕಗಳ ಅರೆಬರೆ ಕೊಲೆಯಿಂದ ಕಾಪಾಡುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಪುಕ್ಕಟೆ ಸಿಗುತ್ತದೆ.

ಹಾಗಾಗಿ ‘ನನ್ನ ಇಮ್ಯುನಿಟಿ ಎಷ್ಟಿದೆ, ಹೇಗೆ ಹೆಚ್ಚಿಸಲಿ’ ಎಂಬ ಪ್ರಶ್ನೆಯನ್ನು ಬಿಟ್ಟುಬಿಡುವುದು ಒಳ್ಳೆಯದು. ಯಾವ ರೋಗಾಣುವಿನ ವಿರುದ್ಧ, ಯಾವ ಅಂಗದಲ್ಲಿ, ಎಷ್ಟು ಹೊತ್ತು ಎಂಬ ಮೂರು ಪ್ರಶ್ನೆಗೆ ಉತ್ತರವಿಲ್ಲದೆ ಯಾರಾದರೂ ನಿಮ್ಮ ರೋಗನಿರೋಧಕತೆಯನ್ನು ಏರಿಸುತ್ತೇನೆ ಎಂದರೆ, ಎರಡರಲ್ಲಿ ಒಂದು ನಿಜ. ಅವರ ಮದ್ದು ಏನೂ ಮಾಡುವುದಿಲ್ಲ, ಆಗ ನಷ್ಟ ದುಡ್ಡಿನದು ಮಾತ್ರ. ಇಲ್ಲವೇ ಅದು ನಿಜಕ್ಕೂ ಏರಿಸುತ್ತದೆ, ಆಗ ಹೆಚ್ಚು ಹೆದರಬೇಕು.